ಮಾತು ಹಸನು ಮಾಡುವ ಕೆಲಸ

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಜೋಳವನ್ನು ಬೀಸಲು ಕೊಡುವ ಮೊದಲು ಮೊರದಲ್ಲಿ ಕೇರಿ ಹಸನು ಮಾಡುತ್ತಾರೆ. ಹೊಟ್ಟು ಹಾರಬೇಕು, ಕಾಳು ಒಂದೂ ಚೆಲ್ಲಬಾರದು. ಬರಹಕ್ಕೂ ಇಂಥದೇ ಕೈಗುಣ ಬೇಕು.

ಆ ಕೈಗುಣ ಹುಬ್ಬಳ್ಳಿಯಲ್ಲೇ ಇತ್ತು. 1956ರಲ್ಲಿ ಇಲ್ಲಿಂದ ಹೊರಟ ‘ಕಸ್ತೂರಿ’ ಮಾಸಪತ್ರಿಕೆಯನ್ನು ಉಡುಪಿಯ ಪಾ.ವೆಂ. ಆಚಾರ್ಯರು ದೀರ್ಘಕಾಲ ರೂಪಿಸಿದರು. ಅದರ ‘ಪುಸ್ತಕ ವಿಭಾಗ’ದಲ್ಲಿ ಇಡೀ ಗ್ರಂಥವೊಂದು ಕೆಲವೇ ಪುಟಗಳಿಗೆ ಇಳಿಯುತ್ತಿತ್ತು. ಅಷ್ಟು ಇಳಿಸಬೇಕಾದರೆ ಅಧ್ಯಾಯ ಬಿಟ್ಟರಷ್ಟೇ ಸಾಲದು, ಒಂದೊಂದು ವಾಕ್ಯವನ್ನೂ ಕೇರಬೇಕು. ‘ಪದಾರ್ಥ ಚಿಂತಾಮಣಿ’ ಕೃತಿಯಲ್ಲಿ ಪದಗಳ ಹುಟ್ಟು-ಬೆಳವಣಿಗೆ ಹುಡುಕಿದ ಆಚಾರ್ಯರಿಗೆ ಪದದ ಬೆಲೆ ಚೆನ್ನಾಗಿ ಗೊತ್ತಿತ್ತು.

ಈ ಕೇರುವ ಕೆಲಸ ಹೇಗೆಂದು ಒಂದು ವಾಕ್ಯದಲ್ಲಿ ನೋಡೋಣ. ‘ನಗರದಲ್ಲಿ ಕುಡಿಯುವ ನೀರನ್ನು ಪೂರೈಕೆ ಮಾಡುವಂತಹ ಕಾರ್ಯವನ್ನು ನಾಳೆಯ ದಿನದಿಂದ ಪ್ರಾರಂಭ ಮಾಡಲಾಗುವುದು ಎಂಬುದಾಗಿ ಅಧಿಕಾರಿಗಳು ತಿಳಿಸಿರುತ್ತಾರೆ.’ ಹದಿಮೂರು ಪದ. ‘ನಾಳೆ’ ಎಂದರೇ ದಿನ, ಆದ್ದರಿಂದ ‘ದಿನ’ ಹೋಗಲಿ. ಪೂರೈಸುವುದೇ ಕಾರ್ಯ, ‘ಕಾರ್ಯ’ವೂ ಹೋಗಲಿ. ‘ಅಂತಹ’, ‘ಎಂಬುದಾಗಿ’ ಬರೀ ಹೊಟ್ಟು. ಇನ್ನು ‘ಪೂರೈಕೆ ಮಾಡು’. ಓಣಿಯಲ್ಲಿ ಯಾರೂ ಹಾಗೆನ್ನುವುದಿಲ್ಲ, ‘ನೀರ ಬಿಟ್ಟಾರೇನ್ರಿ?’ ಎಂದೇ ಕೇಳುತ್ತಾರೆ. ಈಗ ಓದಿ: ‘ನಾಳೆಯಿಂದ ನಗರಕ್ಕೆ ಕುಡಿಯುವ ನೀರು ಬಿಡುವುದಾಗಿ ಅಧಿಕಾರಿಗಳು ಹೇಳಿದ್ದಾರೆ.’ ಏಳೇ ಪದ, ಸುದ್ದಿ ಪೂರ್ತಿ ಉಳಿದಿದೆ. ಕೊಡ ತೊಳೆದಿಡಬೇಕಾದ ತಾಯಿಗೆ ಬೇಕಾದದ್ದೂ ಇಷ್ಟೇ.

ಹಾಗೆಂದು ಸಣ್ಣದೆಲ್ಲ ಹೊಟ್ಟಲ್ಲ. ನನಗೆ ಈ ಕಲೆಯ ಮೇಲೆ ಗೌರವ ಹೆಚ್ಚಿದ್ದೇ ಇಲ್ಲಿ. ‘ಅವರು ಬಂದರು’ ಬೇರೆ, ‘ಬಂದರಂತೆ’ ಬೇರೆ. ಆ ‘ಅಂತೆ’ ಕಿತ್ತರೆ, ಕೇಳಿದ ಮಾತು ಕಂಡ ಮಾತಾಗಿಬಿಡುತ್ತದೆ. ವರದಿಯಲ್ಲಿ ಅದು ಸುಳ್ಳೇ ಸರಿ. ‘ಅವನೂ ಬಂದ’ ಎಂಬಲ್ಲಿನ ‘ಊ’ಕಾರ ಒಂದೇ ಅಕ್ಷರದಲ್ಲಿ, ಉಳಿದವರು ಬಂದದ್ದನ್ನೂ ಹೇಳುತ್ತದೆ. ಅವಸರದ ಕೈ ಇಂಥವನ್ನೇ ಮೊದಲು ಕತ್ತರಿಸುತ್ತದೆ. ಪಳಗಿದ ಕೈ ವಾಕ್ಯವನ್ನು ಬಾಯಿಬಿಟ್ಟು ಓದಿ, ಪದ ತೆಗೆದು, ಮತ್ತೆ ಓದುತ್ತದೆ. ಅರ್ಥ ಕದಲಿದರೆ ಪದ ತನ್ನ ಜಾಗಕ್ಕೆ ಮರಳುತ್ತದೆ.

ಹಳೆಯ ‘ಕಸ್ತೂರಿ’ ಕೈಗೆ ಸಿಕ್ಕರೆ ಪುಸ್ತಕ ವಿಭಾಗದ ಒಂದು ಪುಟ ತೆರೆದು, ಪೆನ್ಸಿಲ್ ಹಿಡಿದು ಕೂಡಿ. ತೆಗೆಯಬಹುದಾದ ಪದಗಳು ಎಷ್ಟು ಸಿಗುತ್ತವೆ, ನೀವೇ ನೋಡಿ.