ಅಮ್ಮನ ತಾಳ, ಯಂತ್ರದ ಎಣಿಕೆ

ಕತಾರಿನ ಲುಸೈಲ್ ನಗರದ ನಮ್ಮ ಮನೆಗೆ ತಾಯ್ನಾಡಿನಿಂದ ತಂದ ವಸ್ತುಗಳಲ್ಲಿ ಒಂದು ಧ್ವನಿಸುರುಳಿಯೂ ಇದೆ. ದಿವಂಗತರಾದ ನನ್ನ ತಾಯಿಯವರು ಮೈಸೂರಿನ ಮನೆಯಲ್ಲಿ ಶ್ರುತಿಪೆಟ್ಟಿಗೆ ಇಟ್ಟುಕೊಂಡು, ತೊಡೆಯ ಮೇಲೆ ತಾಳ ಹಾಕುತ್ತ ಹಾಡಿದ ದೇವರನಾಮವೊಂದು ಅದರಲ್ಲಿದೆ. ಅದನ್ನು ಕಲಿಯಲು ಕುಳಿತ ಮಗಳಿಗೆ ತಾಳ ತಪ್ಪುತ್ತಲೇ ಇತ್ತು. ನನಗೂ ಹೇಳಿಕೊಡಲು ಬಾರದು. ವೃತ್ತಿಯಲ್ಲಿ ಗಣಕಯಂತ್ರವನ್ನೇ ನಂಬಿದ ನಾನು ಅದರ ಮೊರೆಹೊಕ್ಕೆ.

ಧ್ವನಿಯ ಶಕ್ತಿ ಥಟ್ಟನೆ ಏರುವ ಕ್ಷಣಗಳನ್ನು ಹೆಕ್ಕಿ, ಅವು ಎಷ್ಟು ಹೊತ್ತಿಗೊಮ್ಮೆ ಮರುಕಳಿಸುತ್ತವೆಂದು ನೋಡಿ, ನಿಮಿಷಕ್ಕೆ ಇಷ್ಟು ಪೆಟ್ಟು ಎಂದು ತಂತ್ರಾಂಶವು ಲೆಕ್ಕ ಹೇಳುತ್ತದೆ. ಇದ್ದುದಕ್ಕೆ ಇಮ್ಮಡಿಯನ್ನೋ ಅರ್ಧವನ್ನೋ ಎಣಿಸುವುದು ಅದರ ಹಳೆಯ ಚಾಳಿ. ನಮ್ಮ ಹಾಡಾದರೋ ಮಿಶ್ರಛಾಪು. ಮೂರು, ನಾಲ್ಕು ಸೇರಿ ಏಳು. ಪಾಶ್ಚಾತ್ಯ ಸಂಗೀತದಲ್ಲಿ ಪಳಗಿದ ಆ ತಂತ್ರಾಂಶ ಅಮ್ಮನ ಏಳನ್ನು ನಾಲ್ಕುನಾಲ್ಕಾಗಿ ಕತ್ತರಿಸಿಬಿಟ್ಟಿತು!

ನಮ್ಮ ಸಂಗೀತಕ್ಕೆಂದೇ ನಡೆದ ಸಂಶೋಧನೆಯೂ ಇದೆ. ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಝೇವಿಯರ್ ಸೆರ್ರಾ ಅವರ ನೇತೃತ್ವದಲ್ಲಿ 2011ರಲ್ಲಿ ಕಾಂಪ್‌ಮ್ಯೂಸಿಕ್ ಯೋಜನೆ ಆರಂಭವಾಯಿತು. ಅಲ್ಲಿ ಅಜಯ್ ಶ್ರೀನಿವಾಸಮೂರ್ತಿ ಅವರು 2016ರಲ್ಲಿ ಇದೇ ವಿಷಯದ ಮೇಲೆ ಡಾಕ್ಟರೇಟ್ ಪ್ರಬಂಧ ಬರೆದರು. ಆದಿ, ರೂಪಕ, ಮಿಶ್ರಛಾಪು, ಖಂಡಛಾಪು ತಾಳಗಳ 176 ಧ್ವನಿಮುದ್ರಣಗಳಲ್ಲಿ ಸಮ ಎಲ್ಲಿದೆ, ಪೆಟ್ಟು ಎಲ್ಲಿದೆ ಎಂದು ಮನುಷ್ಯರೇ ಗುರುತು ಹಾಕಿ, ಆವರ್ತದ ನಡೆಯನ್ನು ಯಂತ್ರಕ್ಕೆ ಕಲಿಸಿದ ಪ್ರಯತ್ನವದು. ತಾಳ ಯಾವುದೆಂದು ಮೊದಲೇ ತಿಳಿಸಿದರೆ ಯಂತ್ರ ಹೆಚ್ಚು ಸರಿಯಾಗಿ ಹೇಳುತ್ತದೆ. (ಯಾರಿಗಾದರೂ ಹಾಗೆಯೇ ಅಲ್ಲವೆ?) ಸಾಹಿತ್ಯ ಸಮದಲ್ಲಿಯೇ ಎತ್ತಬೇಕೆಂಬ ನಿಯಮ ನಮ್ಮಲ್ಲಿಲ್ಲವಾದ್ದರಿಂದ ಸಮವನ್ನು ಹಿಡಿಯುವುದೇ ಕಷ್ಟದ ಕೆಲಸ.

ಅಮ್ಮನ ಸುರುಳಿಯಲ್ಲಿ ಮೃದಂಗವೇ ಇಲ್ಲ. ಆದ್ದರಿಂದ ನಾನೂ ಅದೇ ದಾರಿ ಹಿಡಿದು, ತೊಡೆಯ ಮಂದವಾದ ಸದ್ದನ್ನು ಹುಡುಕಿ ಒಂದೊಂದು ಸಮಕ್ಕೂ ಕೈಯಾರೆ ಗುರುತು ಹಾಕಿದೆ. ಎರಡು ಸಂಜೆ ಹಿಡಿಯಿತು. ಮೂರನೆಯ ಚರಣದಲ್ಲಿ ಆವರ್ತಗಳು ಹಿಗ್ಗುತ್ತ ಹೋಗಿದ್ದವು. ಸುರುಳಿಯೇ ನಿಧಾನವಾಗಿ ಓಡಿರಬಹುದೆಂದು ಸಂಶಯಪಟ್ಟೆ. ಹಾಗಿದ್ದರೆ ಶ್ರುತಿಯೂ ಇಳಿಯಬೇಕಿತ್ತು. ಅಳೆದು ನೋಡಿದರೆ ಶ್ರುತಿ ಕದಲಿರಲಿಲ್ಲ. ನಿಧಾನಿಸಿದವರು ಅಮ್ಮನೇ.

ಸಮ್ಮೇಳನಕ್ಕೆ ಆಗಮಿಸಿರುವ ತಮ್ಮಲ್ಲಿ ಹಲವರ ಮನೆಗಳಲ್ಲಿಯೂ ಇಂಥ ಸುರುಳಿಗಳಿರಬಹುದು. ಅವು ಹಾಳಾಗುವ ಮುನ್ನ ಗಣಕಯಂತ್ರಕ್ಕೆ ಇಳಿಸಿಕೊಳ್ಳಿರೆಂದು ಬಿನ್ನಹ.

ಮಗಳಿಗೆ ಆ ಗುರುತುಗಳ ಸಾಲನ್ನು ತೋರಿಸಿದೆ. ಅವಳು ಪರದೆ ನೋಡದೆ ಕಣ್ಣುಮುಚ್ಚಿ ಕೇಳಿದಳು. "ಅಪ್ಪಾ, ಅಜ್ಜಿಗೆ ಇಲ್ಲಿ ಉಸಿರು ಸಾಲ್ತಿಲ್ಲ" ಎಂದಳು. ಮತ್ತೆ ಮೊದಲಿನಿಂದ ಹಾಕಿಸಿಕೊಂಡು, ತೊಡೆಯ ಮೇಲೆ ಕೈಯಿಟ್ಟಳು.