ಜೇಮ್ಸ್ ಬ್ರೌನ್ ಬೆನ್ನ ಹಿಂದೆ ನಿಂತು ಊದಿದವರು

ವೇದಿಕೆಯ ಮೇಲೆ ಹಾಡು ನಡೆದಿದೆ. ಮುಂದೆ ಕುಣಿಯುತ್ತಿರುವ ಗಾಯಕ ಥಟ್ಟನೆ ಹಿಂದಕ್ಕೆ ತಿರುಗಿ, ಊದುವಾದ್ಯದವರ ಸಾಲಿನಲ್ಲಿ ಒಬ್ಬನ ಕಡೆಗೆ ಐದೂ ಬೆರಳು ಬಿಚ್ಚಿ ತೋರಿಸುತ್ತಾನೆ. ನೋಡುವ ಜನ ಅದೂ ಕುಣಿತದ ಒಂದು ಭಂಗಿಯೆಂದು ಚಪ್ಪಾಳೆ ತಟ್ಟುತ್ತಾರೆ. ವಾದ್ಯಗಾರನಿಗೆ ಮಾತ್ರ ಅದರ ಅರ್ಥ ಗೊತ್ತು. ಸ್ವರ ತಪ್ಪಿತು, ಐದು ಡಾಲರ್ ದಂಡ!

ಆ ಗಾಯಕ ಅಮೆರಿಕದ ಜೇಮ್ಸ್ ಬ್ರೌನ್. 1933ರಲ್ಲಿ ದಕ್ಷಿಣ ಕೆರೊಲಿನಾದ ಬಡ ಕರಿಯರ ಕುಟುಂಬದಲ್ಲಿ ಹುಟ್ಟಿ, 2006ರ ಕ್ರಿಸ್‌ಮಸ್ ದಿನ ತೀರಿಕೊಂಡ ಈತನನ್ನು ‘ಫಂಕ್’ ಎಂಬ ಸಂಗೀತ ಪ್ರಕಾರದ ಜನಕ ಎಂದು ಕರೆಯುತ್ತಾರೆ. ಸ್ವರ ತಪ್ಪಿದರಷ್ಟೇ ಅಲ್ಲ, ಬೂಟಿಗೆ ಪಾಲಿಶ್ ಇಲ್ಲದಿದ್ದರೂ, ಬಟ್ಟೆ ಸುಕ್ಕಾಗಿದ್ದರೂ ತಂಡದವರಿಗೆ ದಂಡ ತಪ್ಪುತ್ತಿರಲಿಲ್ಲ. ಇಂಥ ಯಜಮಾನನ ಕೈಕೆಳಗೆ ದುಡಿದ ವಾದ್ಯಗಾರರ ಪೈಕಿ ಟ್ರಾಂಬೋನ್ ವಾದಕ ಫ್ರೆಡ್ ವೆಸ್ಲಿ ಅವರ ಅನುಭವ ತಿಳಿಯಬೇಕಾದದ್ದು. ಅದನ್ನು ಅವರೇ 2002ರಲ್ಲಿ ‘ಹಿಟ್ ಮಿ, ಫ್ರೆಡ್’ ಎಂಬ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಏನಿದು ಫಂಕ್?

ಮೊದಲು ಫಂಕ್ ಎಂದರೇನು ಎಂದು ನೋಡೋಣ. ಪಾಶ್ಚಾತ್ಯ ಜನಪ್ರಿಯ ಸಂಗೀತದಲ್ಲಿ ಸಾಮಾನ್ಯವಾಗಿ ನಾಲ್ಕು ಎಣಿಕೆಯ ತಾಳ. ಆಗಿನ ಹಾಡುಗಳಲ್ಲಿ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಪೆಟ್ಟು ಜೋರು. ಬ್ರೌನ್ ಆ ಒತ್ತನ್ನು ತಂದು ಮೊದಲನೆಯ ಎಣಿಕೆಯ ಮೇಲಿಟ್ಟರು. ನಮ್ಮ ತಾಳದ ಲೆಕ್ಕದಲ್ಲಿ ಹೇಳುವುದಾದರೆ, ಎಲ್ಲರೂ ಒಟ್ಟಾಗಿ ಬಂದು ‘ಸಮ’ದ ಮೇಲೆ ಬೀಳಬೇಕು. ನಡುವಿನ ಜಾಗದಲ್ಲಿ ಯಾರು ಎಷ್ಟು ಆಟವಾಡಿದರೂ ಸರಿ, ಆ ಒಂದನೇ ಪೆಟ್ಟು ಮಾತ್ರ ತಪ್ಪಕೂಡದು.

ಎರಡನೆಯ ಬದಲಾವಣೆ ವಾದ್ಯಗಳ ಕೆಲಸದಲ್ಲಿ. ಗಿಟಾರ್, ಸ್ಯಾಕ್ಸೋಫೋನ್, ಟ್ರಂಪೆಟ್, ಟ್ರಾಂಬೋನ್ ಎಲ್ಲವನ್ನೂ ಬ್ರೌನ್ ಡ್ರಮ್‌ನಂತೆಯೇ ಬಳಸಿದರು. ನಮ್ಮ ಕರಾವಳಿಯ ಮದುವೆ ಮನೆಗಳಲ್ಲಿ, ದೇವಸ್ಥಾನದ ಉತ್ಸವಗಳಲ್ಲಿ ಸ್ಯಾಕ್ಸೋಫೋನ್ ಕೀರ್ತನೆಯನ್ನು ಎಳೆ ಎಳೆಯಾಗಿ ನುಡಿಸುವುದನ್ನು ಕೇಳಿದವರಿಗೆ ಇದು ವಿಚಿತ್ರವೆನಿಸಬಹುದು. ಬ್ರೌನ್ ತಂಡದಲ್ಲಿ ಅದೇ ಸ್ಯಾಕ್ಸೋಫೋನ್ ಎರಡೋ ಮೂರೋ ಸ್ವರವನ್ನು ಪೆಟ್ಟು ಹೊಡೆದಂತೆ ಊದಿ ಸುಮ್ಮನಾಗುತ್ತದೆ. ಅರೆಕ್ಷಣ ಆಚೀಚೆಯಾದರೂ ಹಾಡು ಕುಂಟುತ್ತದೆ. ದಂಡದ ಭಯ ಯಾಕಿತ್ತು ಎಂಬುದು ಈಗ ಅರ್ಥವಾದೀತು.

ಗೊಣಗಿದ್ದನ್ನು ಸ್ವರವಾಗಿಸುವ ಕೆಲಸ

ಫ್ರೆಡ್ ಹುಟ್ಟಿದ್ದು 1943ರಲ್ಲಿ, ಬೆಳೆದದ್ದು ಅಲಬಾಮಾದ ಮೊಬೀಲ್ ಪಟ್ಟಣದಲ್ಲಿ. ತಂದೆ ಸಂಗೀತದ ಮೇಷ್ಟ್ರು. ಫ್ರೆಡ್‌ಗೆ ಒಲವಿದ್ದುದು ಜಾಝ್ ಕಡೆಗೆ. ಸೇನೆಯಲ್ಲಿದ್ದು ಬಂದು 1968ರಲ್ಲಿ ಹೊಟ್ಟೆಪಾಡಿಗೆ ಬ್ರೌನ್ ತಂಡ ಸೇರಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಯಿತು. ಆಗಸ್ಟ್‌ನಲ್ಲಿ ಬ್ರೌನ್ ಕರಿಯರ ಸ್ವಾಭಿಮಾನದ ‘ಸೇ ಇಟ್ ಲೌಡ್’ ಹಾಡನ್ನು ಧ್ವನಿಮುದ್ರಿಸಿದರು. ಆ ತಂಡದಲ್ಲಿ ಫ್ರೆಡ್ ಊದಿದ ಮೊದಲ ಧ್ವನಿಮುದ್ರಿಕೆ ಅದೇ.

ಬ್ರೌನ್‌ಗೆ ಸ್ವರಲಿಪಿ ಓದಲು, ಬರೆಯಲು ಬರುತ್ತಿರಲಿಲ್ಲ. ತಲೆಯಲ್ಲಿ ಹೊಳೆದದ್ದನ್ನು ಬಾಯಲ್ಲಿ ಗುನುಗಿ, ಗೊಣಗಿ, ಕೈಯಾಡಿಸಿ ತೋರಿಸುತ್ತಿದ್ದರು. ಅದನ್ನು ಹಿಡಿದು, ಯಾವ ವಾದ್ಯಕ್ಕೆ ಯಾವ ಸ್ವರ ಎಂದು ಲೆಕ್ಕ ಹಾಕಿ, ತಂಡದವರಿಗೆ ಹೇಳಿಕೊಡುವ ಜವಾಬ್ದಾರಿ ಸಂಗೀತ ಬಲ್ಲ ಒಬ್ಬರ ಮೇಲೆ. ಮೊದಲು ಆ ಸ್ಥಾನದಲ್ಲಿದ್ದವರು ಸ್ಯಾಕ್ಸೋಫೋನ್ ವಾದಕ ಪೀ ವೀ ಎಲ್ಲಿಸ್. 1967ರ ‘ಕೋಲ್ಡ್ ಸ್ವೆಟ್’ ಹಾಡು ಹುಟ್ಟಿದ್ದೇ ಹೀಗೆ. ಬ್ರೌನ್ ಗೊಣಗಿದ ಲಯಕ್ಕೆ ಎಲ್ಲಿಸ್, ಜಾಝ್ ದಿಗ್ಗಜ ಮೈಲ್ಸ್ ಡೇವಿಸ್ ಅವರ ‘ಸೋ ವಾಟ್’ ಕೃತಿಯ ಪ್ರೇರಣೆಯಿಂದ ಊದುವಾದ್ಯದ ಸಾಲು ಹೆಣೆದರು. ಎಲ್ಲಿಸ್ 1969ರಲ್ಲಿ ತಂಡ ಬಿಟ್ಟರು. 1971ರ ಹೊತ್ತಿಗೆ ಅದೇ ಕೆಲಸ ಫ್ರೆಡ್ ಹೆಗಲೇರಿತ್ತು.

ಯಕ್ಷಗಾನದಲ್ಲಿ ಭಾಗವತರ ಜಾಗಟೆಯ ಸೂಚನೆಗೆ ಚೆಂಡೆ, ಮದ್ದಳೆಯವರು ಕಣ್ಣು, ಕಿವಿ ಎರಡನ್ನೂ ತೆರೆದಿಟ್ಟಿರುತ್ತಾರೆ. ಇಲ್ಲೂ ಹಾಗೆಯೇ. ಬ್ರೌನ್ ಹಾಡಿನ ನಡುವೆ ‘ಮೇಸಿಯೋ!’ ಎಂದರೆ ಸ್ಯಾಕ್ಸೋಫೋನ್ ವಾದಕ ಮೇಸಿಯೋ ಪಾರ್ಕರ್ ಮುಂದೆ ಬರಬೇಕು. ‘ಫ್ರೆಡ್!’ ಎಂದರೆ ಟ್ರಾಂಬೋನ್ ಏಳಬೇಕು. ಆ ಕೂಗು ಧ್ವನಿಮುದ್ರಿಕೆಗಳಲ್ಲೂ ಹಾಗೆಯೇ ಉಳಿದು, ಈ ಇಬ್ಬರ ಹೆಸರು ಲೋಕಕ್ಕೆಲ್ಲ ಪರಿಚಯವಾಯಿತು. ಹಿಂದೆ ನಿಂತ ವಾದ್ಯಗಾರನಿಗೆ ಇದು ಸಣ್ಣ ಭಾಗ್ಯವಲ್ಲ.

ಕೂಲಿಯ ಪ್ರಶ್ನೆ

ಆದರೆ ಹೆಸರು ಕೂಗಿದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ. 1970ರ ಮಾರ್ಚ್‌ನಲ್ಲಿ ತಂಡದ ಹಳಬರು ಸಂಬಳ ಮತ್ತು ದುಡಿಮೆಯ ಸ್ಥಿತಿಗತಿ ಸುಧಾರಿಸದಿದ್ದರೆ ವೇದಿಕೆ ಹತ್ತುವುದಿಲ್ಲ ಎಂದು ಪಟ್ಟು ಹಿಡಿದರು. ಫ್ರೆಡ್ ಅದಕ್ಕೆ ಮೊದಲೇ ತಂಡ ಬಿಟ್ಟಿದ್ದರು. ಬ್ರೌನ್ ಜಗ್ಗಲಿಲ್ಲ. ಸಿನ್ಸಿನಾಟಿಯಿಂದ ಎಳೆ ಹುಡುಗರ ಒಂದು ತಂಡವನ್ನು ವಿಮಾನದಲ್ಲಿ ಕರೆಸಿಕೊಂಡು ಕಾರ್ಯಕ್ರಮ ಮುಗಿಸಿದರು. ಅವರಲ್ಲಿ ಒಬ್ಬ 18 ವರ್ಷದ ಬೂಟ್ಸಿ ಕಾಲಿನ್ಸ್. ಆತ ಮುಂದೆ ದೊಡ್ಡ ಹೆಸರು ಮಾಡಿದ. ಹಳಬರು ಮೇಸಿಯೋ ನೇತೃತ್ವದಲ್ಲಿ ಬೇರೆ ತಂಡ ಕಟ್ಟಿದರು, ಅದು ಹೆಚ್ಚು ಕಾಲ ನಡೆಯಲಿಲ್ಲ. 1973ರಲ್ಲಿ ಮೇಸಿಯೋ ಬ್ರೌನ್ ಬಳಿಗೇ ಮರಳಿದರು.

ಆ ವರ್ಷ ‘ಡೂಯಿಂಗ್ ಇಟ್ ಟು ಡೆತ್’ ಹಾಡು ಅಮೆರಿಕದ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೇರಿತು. ತಟ್ಟೆಯ ಮೇಲೆ ಅಚ್ಚಾಗಿದ್ದ ಹೆಸರು ‘ಫ್ರೆಡ್ ವೆಸ್ಲಿ ಮತ್ತು ಜೆಬೀಸ್’. ಹಾಡಿದವರು ಮಾತ್ರ ಬ್ರೌನ್! ಅದರ ಬೆನ್ನಿಗೇ ಬಂದ ‘ದಿ ಪೇಬ್ಯಾಕ್’ ಹಾಡಿನ ರಚನಕಾರರ ಪಟ್ಟಿಯಲ್ಲಿ ಬ್ರೌನ್ ಜತೆಗೆ ಫ್ರೆಡ್ ಹಾಗೂ ಡ್ರಮ್ಮರ್ ಜಾನ್ ಸ್ಟಾರ್ಕ್ಸ್ ಹೆಸರೂ ಇದೆ.

ಈ ಹೆಸರು ಸೇರುವುದರಲ್ಲೇ ಇರುವುದು ಎಲ್ಲಾ ಗುಟ್ಟು. ಹಾಡಿನ ರಚನಕಾರನೆಂದು ದಾಖಲಾದವನಿಗೆ ಆ ಹಾಡು ಬಳಕೆಯಾದಾಗಲೆಲ್ಲ ಗೌರವಧನ ಬರುತ್ತದೆ. ನುಡಿಸಿದವನಿಗೆ ಸಾಮಾನ್ಯವಾಗಿ ಆ ದಿನದ ಕೂಲಿ ಮಾತ್ರ. ಇದೇ ತಂಡದ ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್ 1969ರಲ್ಲಿ ‘ಫಂಕಿ ಡ್ರಮ್ಮರ್’ ಹಾಡಿಗೆ ಬಾರಿಸಿದ ಕೆಲವೇ ಸೆಕೆಂಡುಗಳ ಲಯವನ್ನು ಮುಂದೆ ನೂರಾರು ರ‍್ಯಾಪ್ ಹಾಡುಗಳಲ್ಲಿ ಕತ್ತರಿಸಿ ಅಂಟಿಸಿದರು. ರಚನಕಾರರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ, ಹಾಗಾಗಿ ಆ ಹಣದಲ್ಲಿ ಪಾಲೂ ಬರಲಿಲ್ಲ. ಅವರು 2017ರಲ್ಲಿ ತೀರಿಕೊಂಡರು.

ಬಿಟ್ಟು ಹೋದ ಮೇಲೆ

ಫ್ರೆಡ್ 1975ರಲ್ಲಿ ಬ್ರೌನ್ ಅವರನ್ನು ಬಿಟ್ಟು ಜಾರ್ಜ್ ಕ್ಲಿಂಟನ್ ಅವರ ಫಂಕ್ ತಂಡ ಸೇರಿದರು. 1978ರಲ್ಲಿ ಕೌಂಟ್ ಬೇಸಿ ಅವರ ಪ್ರಸಿದ್ಧ ಜಾಝ್ ವಾದ್ಯವೃಂದದಲ್ಲಿ ಕುಳಿತು ಊದುವ ಹಳೆಯ ಆಸೆಯೂ ಕೈಗೂಡಿತು. ಮುಂದೆ ಫ್ರೆಡ್, ಮೇಸಿಯೋ, ಪೀ ವೀ ಎಲ್ಲಿಸ್ ಮೂವರೂ ‘ಜೆಬಿ ಹಾರ್ನ್ಸ್’ ಎಂಬ ಹೆಸರಿನಲ್ಲಿ ಒಂದಾದರು. ಯಜಮಾನನ ಹಿಂದಿದ್ದ ಸಾಲು ಈಗ ವೇದಿಕೆಯ ಮುಂದಕ್ಕೆ ಬಂದಿತ್ತು. ಆದರೆ ಜನ ಕೇಳಿ ಬಂದದ್ದು ಬ್ರೌನ್ ಜತೆ ಕಲಿತ ಆ ಪೆಟ್ಟನ್ನೇ. ಎಲ್ಲಿಸ್ 2021ರಲ್ಲಿ ನಿಧನರಾದರು.

ಫ್ರೆಡ್ ಆತ್ಮಕಥೆಯಲ್ಲಿ ಬ್ರೌನ್ ಮೇಲಿನ ಸಿಟ್ಟೂ ಇದೆ, ಮೆಚ್ಚುಗೆಯೂ ಇದೆ. ಆ ಗೊಣಗಾಟವಿಲ್ಲದೆ ಫ್ರೆಡ್ ಆ ಸಾಲುಗಳನ್ನು ಬರೆಯುತ್ತಿರಲಿಲ್ಲ, ಫ್ರೆಡ್ ಇಲ್ಲದೆ ಆ ಗೊಣಗಾಟ ಹಾಡಾಗುತ್ತಿರಲಿಲ್ಲ. ಹಾಗಿರುವಾಗ ಹಾಡು ಯಾರದು?

ಮೇಳವಿರಲಿ, ಬ್ಯಾಂಡ್ ಸೆಟ್ ಇರಲಿ, ಆರ್ಕೆಸ್ಟ್ರಾ ಇರಲಿ, ಈ ಪ್ರಶ್ನೆ ಎಲ್ಲಾ ಊರಿನದು. ಮುಂದಿನ ಸಲ ಬ್ರೌನ್ ಹಾಡು ಕಿವಿಗೆ ಬಿದ್ದರೆ ಅವರ ಕೂಗನ್ನು ಕೇಳಿ, ಜೊತೆಗೆ ಹಿಂದಿನ ಸಾಲಿನ ಆ ಎರಡು ಸ್ವರವನ್ನೂ ಕೇಳಿ. ಅದನ್ನು ಊದಿದವರ ಹೆಸರು ಈಗ ನಿಮಗೆ ಗೊತ್ತಿದೆ.