ನಿಮಗಿದು ಗೊತ್ತೇ? ಚಿನ್ನದ ಗಣಿಯ ಊರಲ್ಲಿ ಕಿವಿಯೇ ಮೇಷ್ಟ್ರು

ಕೋಲಾರದ ಚಿನ್ನದ ಗಣಿಯ ಊರು ಕೆಜಿಎಫ್, ಅದರ ನೆರೆಯ ಬಂಗಾರಪೇಟೆಗಳಲ್ಲಿ ಮೂರು ನಾಲ್ಕು ಭಾಷೆ ಆಡುವವರು ಅಪರೂಪವಲ್ಲ. ಅವರಲ್ಲಿ ಹೆಚ್ಚಿನವರು ಅವನ್ನೆಲ್ಲ ತರಗತಿಯಲ್ಲಿ ಕೂತು ಕಲಿತವರಲ್ಲ. ಹಾಡು ಕೇಳುತ್ತ, ಸಿನಿಮಾ ನೋಡುತ್ತ, ಕೆಲಸದ ಜಾಗದಲ್ಲಿ, ಪಕ್ಕದ ಮನೆಯವರ ಜತೆ ಮಾತಾಡುತ್ತ ಕಲಿತರು. ಹೊಸ ಭಾಷೆ ಕಲಿಯಬೇಕೆಂಬ ಆಸೆ ಇರುವ ಎಲ್ಲರಿಗೂ ಈ ಊರುಗಳಲ್ಲಿ ಪಾಠವಿದೆ. ಆ ಪಾಠವನ್ನೂ, ಅದಕ್ಕೆ ಹೊಂದುವ ಹೊರಜಗತ್ತಿನ ಕೆಲವು ಸಂಗತಿಗಳನ್ನೂ ಇಲ್ಲಿ ಒಟ್ಟುಗೂಡಿಸಿದ್ದೇವೆ.

ಗಣಿಯೊಳಗೆ

● 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಗಣಿಗೆ ಕೈಹಾಕಿತು. ಮೇಲ್ವಿಚಾರಣೆಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿಗಾರರು ಬಂದರು, ಇಟಲಿಯವರೂ ಬಂದರು. ಉತ್ತರ ಆರ್ಕಾಟು, ಸೇಲಂ ಕಡೆಯಿಂದ ತಮಿಳರು, ಚಿತ್ತೂರಿನ ಕಡೆಯಿಂದ ತೆಲುಗರು, ಕಾವಲಿಗೆ ಪಂಜಾಬಿಗಳು, ಕಚೇರಿ ಮತ್ತು ವರ್ಕ್‌ಶಾಪ್‌ಗಳಿಗೆ ಆಂಗ್ಲೋ ಇಂಡಿಯನ್ನರು. ಸುತ್ತಲ ಹಳ್ಳಿಗಳಲ್ಲಿ ಕನ್ನಡ, ತೆಲುಗು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೆ ಅಂದಿನ ಕೆಲಸವೇ ನಿಲ್ಲುತ್ತಿತ್ತು. ಕಲಿಯಲು ಅದಕ್ಕಿಂತ ದೊಡ್ಡ ಒತ್ತಾಯ ಬೇಕಿರಲಿಲ್ಲ.

● ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದಿತ್ತು. ಕಾರ್ಮಿಕರನ್ನು ಇಳಿಸಿ ಏರಿಸುವ ಕೇಜಿಗೂ ಮೇಲೆ ಯಂತ್ರ ನಡೆಸುವವರಿಗೂ ನಡುವೆ ಗಂಟೆಯ ಸಂಕೇತವೇ ಮಾತು. ಎಷ್ಟು ಸಲ ಬಾರಿಸಿದರೆ ನಿಲ್ಲಿಸಬೇಕು, ಎಷ್ಟು ಸಲ ಬಾರಿಸಿದರೆ ಇಳಿಸಬೇಕು ಎಂಬುದು ಎಲ್ಲ ಭಾಷೆಯವರಿಗೂ ಒಂದೇ. ಹೊಸಬರು ಆ ಊರಿನಲ್ಲಿ ಕಿವಿಗೊಟ್ಟು ಕಲಿಯುತ್ತಿದ್ದ ಮೊದಲ ಪಾಠಗಳಲ್ಲಿ ಅದೂ ಒಂದು.

● ಇಲ್ಲಿಗೆ ಬಂದ ಕಾರ್ನ್‌ವಾಲ್ ಗಣಿಗಾರರು ತಮ್ಮ ಪೂರ್ವಜರ ಭಾಷೆಯನ್ನು ಆಗಲೇ ಕಳೆದುಕೊಂಡಿದ್ದರು. ಕಾರ್ನಿಷ್ ಭಾಷೆಯನ್ನು ಹುಟ್ಟಿನಿಂದ ಆಡಿದ ಕೊನೆಯವರಲ್ಲಿ ಒಬ್ಬರೆಂದು ಹೆಸರಾದ ಡಾಲಿ ಪೆಂಟ್ರೀತ್ ತೀರಿಕೊಂಡದ್ದು 1777ರಲ್ಲಿ. 1904ರಲ್ಲಿ ಹೆನ್ರಿ ಜೆನ್ನರ್ ಬರೆದ ಕೈಪಿಡಿಯಿಂದ ಆ ಭಾಷೆಗೆ ಮತ್ತೆ ಜೀವ ಬಂತು. 2010ರಲ್ಲಿ ಯುನೆಸ್ಕೋ ಅದನ್ನು ಅಳಿದ ಭಾಷೆಗಳ ಪಟ್ಟಿಯಿಂದ ತೆಗೆಯಿತು.

● ಚೆನ್ನೈನಲ್ಲಿ ಪಂಡಿತ ಅಯೋತಿ ದಾಸ್ 1907ರಲ್ಲಿ ಆರಂಭಿಸಿದ್ದ ತಮಿಳು ವಾರಪತ್ರಿಕೆ 'ತಮಿಳನ್' ನಿಂತುಹೋದ ಮೇಲೆ, 1926ರಲ್ಲಿ ಮತ್ತೆ ಹೊರಟದ್ದು ಕೆಜಿಎಫ್‌ನಿಂದ. ಗಣಿ ಕಾರ್ಮಿಕರ ನಡುವೆ ಗಟ್ಟಿ ಓದುಗ ವರ್ಗ ಬೆಳೆದಿತ್ತು ಎಂಬುದಕ್ಕೆ ಇದೇ ಸಾಕ್ಷಿ.

● 1965ರಲ್ಲಿ ವಾಯುಮಂಡಲದ ನ್ಯೂಟ್ರಿನೋಗಳ ಸುಳಿವನ್ನು ಜಗತ್ತಿನಲ್ಲೇ ಮೊದಲಿಗೆ ಹಿಡಿದ ಪ್ರಯೋಗಗಳಲ್ಲಿ ಒಂದು ನಡೆದದ್ದು ಕೆಜಿಎಫ್ ಗಣಿಯ ಆಳದಲ್ಲಿ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಲ್ಲಿ ಜತೆಯಾಗಿದ್ದರು. ಭಾಷೆಗಳ ಪಟ್ಟಿಗೆ ಜಪಾನಿಯೂ ಸೇರಿತು!

ಗಡಿನಾಡಿನ ನಾಲಿಗೆ

● ಕನ್ನಡದ ಆಸ್ತಿ ಎನಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ (1891–1986) ಬಂಗಾರಪೇಟೆಗೆ ನೆರೆಯ ಮಾಲೂರು ತಾಲ್ಲೂಕಿನವರು. ಅವರ ಮನೆಮಾತು ತಮಿಳು. 'ಚಿಕವೀರ ರಾಜೇಂದ್ರ' ಕಾದಂಬರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಬಂತು. ಮನೆಯೊಳಗೆ ಒಂದು, ಬೀದಿಯಲ್ಲಿ ಇನ್ನೊಂದು ಭಾಷೆ ಇದ್ದರೆ ಎರಡೂ ಕೆಡುತ್ತವೆ ಎನ್ನುವವರಿಗೆ ಮಾಸ್ತಿಯವರ ಗದ್ಯವೇ ಉತ್ತರ.

● ಹಿಂದೆ ಕೋಲಾರ ಜಿಲ್ಲೆಗೆ ಸೇರಿದ್ದ ಕೈವಾರದ ಯೋಗಿ ನಾರೇಯಣ ಯತಿಗಳು, ಜನರ ಬಾಯಲ್ಲಿ ಕೈವಾರ ತಾತಯ್ಯ, ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದರು. ಅವರ ತೆಲುಗು ತತ್ವಪದಗಳನ್ನು ಭಜನೆ ಮೇಳಗಳಲ್ಲಿ ಹಾಡುತ್ತ ಹಾಡುತ್ತಲೇ ಎಷ್ಟೋ ಕನ್ನಡದ ಮನೆಗಳಿಗೆ ತೆಲುಗು ಒಗ್ಗಿಹೋಗಿದೆ.

● ತಮಿಳರು ಕನ್ನಡ ಕಲಿಯಲು, ಕನ್ನಡಿಗರು ತಮಿಳು ಕಲಿಯಲು ಒಂದು ಕೀಲಿಕೈ ಇದೆ. ನಮ್ಮ ಹಾಲು, ಹತ್ತು, ಹುಲಿ ತಮಿಳಿನಲ್ಲಿ ಪಾಲ್, ಪತ್ತು, ಪುಲಿ. ಹಳಗನ್ನಡದಲ್ಲೂ ಅವು ಪಕಾರದಲ್ಲೇ ಇದ್ದವು, ಆಮೇಲೆ ಹಕಾರವಾದವು. ನಮ್ಮ ಬೇರು, ಬಿಲ್ಲು, ಬಾಯಿ ಅಲ್ಲಿ ವೇರ್, ವಿಲ್, ವಾಯ್. ಈ ಎರಡು ಸೂತ್ರ ಹಿಡಿದು ಒಂದು ಹಾಡು ಕೇಳಿ ನೋಡಿ, ಹತ್ತಾರು ಪದಗಳು ತಾವಾಗಿ ಗುರುತು ಹಿಡಿಸುತ್ತವೆ.

● ಕನ್ನಡ, ತೆಲುಗು ಲಿಪಿಗಳು ಒಂದೇ ಹಳೆಯ ಲಿಪಿಯಿಂದ ಕವಲೊಡೆದವು. ಅನೇಕ ಅಕ್ಷರಗಳಲ್ಲಿ ತಲೆಕಟ್ಟಿನ ವ್ಯತ್ಯಾಸವಷ್ಟೇ. ಕನ್ನಡ ಓದಲು ಬಂದವರಿಗೆ ತೆಲುಗು ಸಿನಿಮಾದ ಪೋಸ್ಟರೇ ಒಳ್ಳೆಯ ಬಾಲಬೋಧೆ.

● ಕರ್ನಾಟಕದ ಗಡಿಗೆ ಹತ್ತಿರದ, ಸಾಂಗ್ಲಿ ಜಿಲ್ಲೆಯ ಕುಪ್ವಾಡ ಎಂಬ ಊರನ್ನು ಜಗತ್ತಿನ ಭಾಷಾವಿಜ್ಞಾನಿಗಳೆಲ್ಲ ಬಲ್ಲರು. ಕನ್ನಡ, ಮರಾಠಿ, ಉರ್ದು, ತೆಲುಗು ಅಲ್ಲಿ ತಲೆತಲಾಂತರದಿಂದ ಜತೆಗಿದ್ದವು. ಅವುಗಳ ವಾಕ್ಯರಚನೆ ಎಷ್ಟು ಹತ್ತಿರವಾಗಿತ್ತೆಂದರೆ, ಪದ ಬದಲಿಸಿದರೆ ಸಾಕು, ವಾಕ್ಯ ಇನ್ನೊಂದು ಭಾಷೆಗೆ ಹೋಗುತ್ತಿತ್ತು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಇದನ್ನು 1971ರಲ್ಲಿ ಪ್ರಕಟಿಸಿದರು.

● 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಕನಿಷ್ಠ ಎರಡು ಭಾಷೆ ಬಲ್ಲವರು ಸುಮಾರು ಶೇ. 26, ಮೂರು ಬಲ್ಲವರು ಸುಮಾರು ಶೇ. 7. ಕೋಲಾರದ ಗಡಿಹಳ್ಳಿಯ ಸಂತೆಯಲ್ಲಿ ಅರ್ಧ ಗಂಟೆ ನಿಂತವರಿಗೆ ಈ ಅಂಕಿಗಳು ತೀರಾ ಕಡಿಮೆ ಎನಿಸಿದರೆ ಆಶ್ಚರ್ಯವಿಲ್ಲ.

ಹಾಡಿನ ಹಾದಿ

● ಕರ್ನಾಟಕ ಸಂಗೀತ ಕಲಿಯಲು ಕೂತ ಮಗು, ಅದರ ಮನೆಮಾತು ತಮಿಳಾಗಲಿ, ಮಲಯಾಳವಾಗಲಿ, ಮೊದಲು ಹಾಡುವ ಸಾಹಿತ್ಯ ಸಾಮಾನ್ಯವಾಗಿ ಪುರಂದರದಾಸರ ಪಿಳ್ಳಾರಿ ಗೀತೆಗಳು. ದಕ್ಷಿಣ ಭಾರತದ ಲಕ್ಷಾಂತರ ಮಕ್ಕಳ ಬಾಯಿಗೆ ದಾಸರ ಪದ ಬಂದದ್ದು ಹೀಗೆ, ರಾಗದ ಬೆನ್ನೇರಿ.

● ಅತ್ತಲಿಂದ ಇತ್ತಲೂ ಹಾದಿಯಿದೆ. ಮೈಸೂರು ಆಸ್ಥಾನ ವಿದ್ವಾಂಸರಾಗಿದ್ದ ವಾಸುದೇವಾಚಾರ್ಯರು ಕನ್ನಡ ನಾಡಿನವರಾದರೂ ಅವರ ಕೃತಿಗಳಲ್ಲಿ ಹೆಚ್ಚಿನವು ತೆಲುಗು, ಸಂಸ್ಕೃತದಲ್ಲಿವೆ. ತ್ಯಾಗರಾಜರ ಕೀರ್ತನೆ ಹಾಡುತ್ತ ಬೆಳೆದವರಿಗೆ ತೆಲುಗು ಪರಭಾಷೆಯಾಗಿ ಉಳಿಯುವುದಿಲ್ಲ.

● ಟಿ.ಪಿ. ಕೈಲಾಸಂ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯಲ್ಲಿ ಕೆಲಸ ಮಾಡಿದವರು. ಅವರ ಮನೆಮಾತೂ ತಮಿಳೇ. ಇಂಗ್ಲಿಷರು ಹಾಡುತ್ತಿದ್ದ 'ಟಿಪರೆರಿ' ಹಾಡಿನ ಧಾಟಿಗೆ 'ತಿಪ್ಪಾರಳ್ಳಿ' ಕಟ್ಟಿದರು, 'ಕಾನ್‌ಸ್ಟಾಂಟಿನೋಪಲ್' ಹಾಡಿನ ಧಾಟಿಗೆ 'ಕೋಳೀಕೆ ರಂಗ' ಕಟ್ಟಿದರು. ಎರಡನೆಯದರಲ್ಲಿ ಕನ್ನಡದ ಕಾಗುಣಿತವೇ ಹಾಡಾಗಿದೆ. ಕನ್ನಡ ಬಾರದ ಗೆಳೆಯರಿಗೆ ಅಕ್ಷರ ಕಲಿಸಬೇಕೆಂದಿದ್ದರೆ ಅಲ್ಲಿಂದಲೇ ಶುರು ಮಾಡಬಹುದು.

● 1853ರಲ್ಲಿ ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟ್ಟೆಲ್ ಹೆಸರು ಕೇಳಿದೊಡನೆ ನೆನಪಾಗುವುದು 1894ರ ನಿಘಂಟು. ಅದಕ್ಕೂ ಮೂವತ್ತೆರಡು ವರ್ಷ ಮೊದಲೇ, 1862ರಲ್ಲಿ, ಅವರು ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡುವಂತೆ ಬರೆದ 'ಕಥಾಮಾಲೆ' ಹೊರಬಂದಿತ್ತು. ನಿಘಂಟಿನ ಪದಗಳಿಗಿಂತ ಮೊದಲು ನುಡಿಯ ಲಯ ಅವರಿಗೆ ಒಲಿದಿತ್ತು.

● ಸ್ಕಾಟ್ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ 60 ಮಂದಿಗೆ ಹಂಗೇರಿಯನ್ ಭಾಷೆಯ ನುಡಿಗಟ್ಟುಗಳನ್ನು 15 ನಿಮಿಷ ಕಲಿಸಿದರು. ಒಂದು ಗುಂಪು ಮಾತಿನಲ್ಲಿ, ಇನ್ನೊಂದು ತಾಳಬದ್ಧ ಮಾತಿನಲ್ಲಿ, ಮೂರನೆಯದು ಹಾಡಿ ಕಲಿಯಿತು. ಆ ನುಡಿಗಟ್ಟುಗಳನ್ನು ಮತ್ತೆ ಹೇಳುವ ಪರೀಕ್ಷೆಗಳಲ್ಲಿ ಮುಂದಿದ್ದವರು ಹಾಡಿದವರೇ. 2014ರಲ್ಲಿ ಅಚ್ಚಾದ ಈ ಫಲಿತಾಂಶ ನಮ್ಮ ಭಜನೆ ಮನೆಗಳಿಗೆ ಹೊಸತೇನಲ್ಲ!

● ರಾಜ್‌ಕುಮಾರರ ದನಿಯೆಂದೇ ನಾವು ಭಾವಿಸಿದ ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ಆಂಧ್ರದ ಕಾಕಿನಾಡದಲ್ಲಿ. ಎಸ್. ಜಾನಕಿ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಕೂಡ ತೆಲುಗು ಮನೆಯವರು. ಕನ್ನಡದ ಅಲ್ಪಪ್ರಾಣ, ಮಹಾಪ್ರಾಣ, ಳಕಾರಗಳು ತಪ್ಪದಂತೆ ಅವರು ಹಾಡಿದ್ದನ್ನು ಕೇಳಿಯೇ ನಮ್ಮಲ್ಲಿ ಅನೇಕರ ಉಚ್ಚಾರಣೆ ತಿದ್ದಿಕೊಂಡಿದೆ.

● 1952ರಲ್ಲಿ ರೇಡಿಯೊ ಸಿಲೋನ್‌ನಲ್ಲಿ ಅಮೀನ್ ಸಯಾನಿಯವರ 'ಬಿನಾಕಾ ಗೀತ್‌ಮಾಲಾ' ಶುರುವಾಯಿತು, 1957ರಲ್ಲಿ ಆಕಾಶವಾಣಿಯ ವಿವಿಧ ಭಾರತಿ ಬಂತು. ಶಾಲೆಯಲ್ಲಿ ಹಿಂದಿ ಓದದ ಎಷ್ಟೋ ದಕ್ಷಿಣದವರಿಗೆ ಹಿಂದಿಯ ಮೊದಲ ಪದಗಳು ಸಿಕ್ಕಿದ್ದು ಈ ರೇಡಿಯೊ ಹಾಡುಗಳಿಂದ.

ಬೆಳ್ಳಿತೆರೆ

● 1931ರ ಅಕ್ಟೋಬರಿನಲ್ಲಿ ತೆರೆಕಂಡ 'ಕಾಳಿದಾಸ್' ದಕ್ಷಿಣದ ಮೊದಲ ಟಾಕಿ. ಅದರಲ್ಲಿ ನಾಯಕಿ ಟಿ.ಪಿ. ರಾಜಲಕ್ಷ್ಮಿ ಆಡಿದ್ದು ತಮಿಳು, ನಾಯಕ ಪಿ.ಜಿ. ವೆಂಕಟೇಶನ್ ಆಡಿದ್ದು ತೆಲುಗು! ಕೆಜಿಎಫ್‌ನ ಬೀದಿಗಳಲ್ಲಿ ಇಂಥ ಸಂಭಾಷಣೆ ಇಂದಿಗೂ ನಡೆಯುತ್ತದೆ, ಯಾರಿಗೂ ವಿಚಿತ್ರವೆನಿಸುವುದಿಲ್ಲ.

● ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' (1934) ಚಿತ್ರೀಕರಣವಾದದ್ದು ಮರಾಠಿಯ ಊರು ಕೊಲ್ಹಾಪುರದಲ್ಲಿ. ನಿರ್ದೇಶಕ ವೈ.ವಿ. ರಾವ್ ತೆಲುಗರು.

● 1960ರ ದಶಕದಿಂದ ಸುಮಾರು ಅರ್ಧ ಶತಮಾನ ಪರಭಾಷೆಯ ಚಿತ್ರಗಳು ಕನ್ನಡಕ್ಕೆ ಡಬ್ ಆಗಿ ಬರಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ತೀರ್ಪಿನ ನಂತರ ಆ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಕನ್ನಡ ಪ್ರೇಕ್ಷಕರು ತಮಿಳು, ತೆಲುಗು, ಹಿಂದಿ ಚಿತ್ರಗಳನ್ನು ಆಯಾ ಭಾಷೆಯಲ್ಲೇ ನೋಡಿದರು. ನಮ್ಮವರು ಹಲವು ಭಾಷೆ ಬಲ್ಲವರಾಗಲು ಇದೂ ಒಂದು ಕಾರಣ.

● ಪ್ರಶಾಂತ್ ನೀಲ್ ನಿರ್ದೇಶಿಸಿ ಯಶ್ ನಟಿಸಿದ 'ಕೆ.ಜಿ.ಎಫ್' ಮೊದಲ ಭಾಗ (2018) ಮತ್ತು ಎರಡನೆಯ ಭಾಗ (2022) ಕನ್ನಡದಿಂದ ತಮಿಳು, ತೆಲುಗು, ಮಲಯಾಳ, ಹಿಂದಿಗೆ ಹೋದವು. ಚಿತ್ರೀಕರಣ ನಡೆದ ಜಾಗಗಳಲ್ಲಿ ಕೆಜಿಎಫ್‌ನ ಗಣಿತ್ಯಾಜ್ಯದ ಸೈನೈಡ್ ದಿಬ್ಬಗಳೂ ಇದ್ದವು. ಇದೇ ಗಣಿಯ ಆರಂಭದ ದಿನಗಳನ್ನು ಕಲ್ಪಿಸಿಕೊಂಡ ಪಾ. ರಂಜಿತ್ ಅವರ ತಮಿಳು ಚಿತ್ರ 'ತಂಗಲಾನ್' 2024ರಲ್ಲಿ ಬಂತು. ಒಂದೇ ಚಿತ್ರವನ್ನು ಮೊದಲು ನಿಮ್ಮ ಭಾಷೆಯಲ್ಲಿ, ಆಮೇಲೆ ಕಲಿಯಬೇಕಾದ ಭಾಷೆಯಲ್ಲಿ ನೋಡಿ. ಕಥೆ ಗೊತ್ತಿರುವುದರಿಂದ ಗಮನವೆಲ್ಲ ಮಾತಿನ ಮೇಲೆ ನಿಲ್ಲುತ್ತದೆ.

● ಮುಳಬಾಗಿಲು ತಾಲ್ಲೂಕಿನ ಮಗಳು ಸೌಂದರ್ಯ ಕನ್ನಡ, ತೆಲುಗು, ತಮಿಳು, ಮಲಯಾಳ, ಹಿಂದಿ, ಹೀಗೆ ಐದು ಭಾಷೆಯ ಚಿತ್ರಗಳಲ್ಲಿ ನಟಿಸಿದರು. ಗಡಿನಾಡಿನ ಕೋಲಾರ ಜಿಲ್ಲೆಗೆ ಅವರು ತಂದ ಹೆಮ್ಮೆ ಸಣ್ಣದಲ್ಲ.

● 1996ರಲ್ಲಿ ಅಮೆರಿಕದಲ್ಲಿದ್ದ ಬ್ರಿಜ್ ಕೊಠಾರಿ, ಸ್ಪ್ಯಾನಿಷ್ ಕಲಿಯುತ್ತಿದ್ದ ಗೆಳೆಯರ ಜತೆ ಸ್ಪ್ಯಾನಿಷ್ ಚಿತ್ರ ನೋಡುತ್ತಿದ್ದರು. ಕೆಳಗಿನ ಸಾಲು ಇಂಗ್ಲಿಷಿನ ಬದಲು ಸ್ಪ್ಯಾನಿಷಿನಲ್ಲೇ ಇದ್ದರೆ ಕಲಿಯಲು ಎಷ್ಟು ಚೆನ್ನ ಎಂಬ ಯೋಚನೆ ಬಂತು. ಮುಂದೆ ಅಹಮದಾಬಾದಿನ ಐಐಎಂನಿಂದ ಅವರು ದೂರದರ್ಶನದ ಚಿತ್ರಗೀತೆಗಳಿಗೆ ಅದೇ ಭಾಷೆಯ ಸಾಲುಗಳನ್ನು ಸೇರಿಸಿದರು. ಹಾಡು ಕೇಳುತ್ತಲೇ ಓದು ರೂಢಿಯಾಗಲಿ ಎಂಬುದು ಅದರ ಉದ್ದೇಶ.

● 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಡಚ್ಚರಿಗೆ ಸ್ಕಾಟ್ಲೆಂಡ್ ಮತ್ತು ಆಸ್ಟ್ರೇಲಿಯಾದ ಧಾಟಿಯ ಇಂಗ್ಲಿಷ್ ದೃಶ್ಯಗಳನ್ನು ತೋರಿಸಿದರು. ಇಂಗ್ಲಿಷ್ ಸಬ್‌ಟೈಟಲ್ ಓದಿದವರ ಕಿವಿ ಆ ಧಾಟಿಗೆ ಬೇಗ ಒಗ್ಗಿತು. ಡಚ್ ಸಬ್‌ಟೈಟಲ್ ಓದಿದವರಿಗೆ ಅದು ಅಡ್ಡಿಯೇ ಆಯಿತು. ಕಲಿಯಲೆಂದು ನೋಡುವಾಗ ಆ ಭಾಷೆಯದೇ ಸಬ್‌ಟೈಟಲ್ ಹಾಕಿಕೊಳ್ಳಿ.

ಬೀದಿ, ರೈಲು, ಬಂಡಿ

● ಬಂಗಾರಪೇಟೆಯಿಂದ ಕೆಜಿಎಫ್‌ನ ಮಾರಿಕುಪ್ಪಂಗೆ 1894ರಲ್ಲಿ ರೈಲು ಹಾದಿ ಬಂತು. 2001ರ ಫೆಬ್ರುವರಿ 28ರಂದು ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಅದೇ ಹಾದಿ ಹಿಡಿದು ಸಾವಿರಾರು ಮಂದಿ ದುಡಿಮೆಗಾಗಿ ದಿನವೂ ಬೆಂಗಳೂರಿಗೆ ಹೋಗಿಬರುತ್ತಾರೆ. ಹೋಗುವ ದಾರಿಯಲ್ಲಿ ಇಯರ್‌ಫೋನಿನ ಹಾಡು, ಬರುವ ದಾರಿಯಲ್ಲಿ ಎದುರು ಸೀಟಿನವರ ಮಾತು, ಎರಡೂ ಕಲಿಕೆಯೇ.

● ಬಂಗಾರಪೇಟೆ ಪಾನಿಪುರಿಯ ಹೆಗ್ಗಳಿಕೆ ಅದರ ತಿಳಿಯಾದ, ಬಣ್ಣವಿಲ್ಲದ ಪಾನಿ. ಆ ಬಂಡಿಯ ಮುಂದೆ ಎಣಿಕೆ, ಖಾರ, ಹುಳಿ, ಸಾಕು, ಇನ್ನೊಂದು, ಎಷ್ಟಾಯಿತು ಎಂಬ ಮಾತುಗಳು ದಿನವೂ ಹಲವು ಭಾಷೆಗಳಲ್ಲಿ ಓಡಾಡುತ್ತವೆ. ಹೊಸಬರು ಮೊದಲ ದಿನ ಬಾಯಿ ತೆರೆಯಲು ಇಂಥ ಜಾಗ ಒಳ್ಳೆಯದು. ಅಲ್ಲಿ ವ್ಯಾಕರಣ ಕೇಳುವವರಿಲ್ಲ, ಅರ್ಥವಾದರೆ ತಟ್ಟೆ ಕೈಗೆ ಬರುತ್ತದೆ.

ನೀವೂ ಮಾಡಿ ನೋಡಿ

● ಒಂದು ವಾರಕ್ಕೆ ಒಂದೇ ಹಾಡು. ಸಾಹಿತ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ, ಅರ್ಥ ತಿಳಿಯಿರಿ, ನೋಡದೆ ಹಾಡಿ.

● ಸಿನಿಮಾವನ್ನು ಪೂರ್ತಿ ಕಲಿಯಲು ಹೋಗಬೇಡಿ. ಐದು ನಿಮಿಷದ ಒಂದು ದೃಶ್ಯ ಆರಿಸಿ, ಪಾತ್ರದ ಜತೆಜತೆಗೆ ಮಾತು ಒಪ್ಪಿಸಿ.

● ಹಾಡಿನ ಭಾಷೆ ಕಾವ್ಯದ್ದು, ಸಿನಿಮಾದ ಭಾಷೆ ಕೆಲವೊಮ್ಮೆ ಒರಟು. ಹಿರಿಯರೊಡನೆ ಆಡುವ ಮುನ್ನ ಬಹುವಚನ, ಮರ್ಯಾದೆಯ ರೂಪಗಳನ್ನು ಆ ಭಾಷೆಯವರನ್ನೇ ಕೇಳಿ ತಿಳಿದುಕೊಳ್ಳಿ.

● ಕಲಿತ ವಾಕ್ಯವನ್ನು ಮರುದಿನವೇ ಅಂಗಡಿಯಲ್ಲೋ ಬಸ್ಸಿನಲ್ಲೋ ಬಳಸಿ. ಬಳಸದ ವಾಕ್ಯ ಬಹಳ ದಿನ ಉಳಿಯದು.

● ಕೊನೆಯದು ಕಲಿಯುವವರಿಗಲ್ಲ, ಈಗಾಗಲೇ ಭಾಷೆ ಬಲ್ಲ ನಮಗೆ. ಗಣಿಯಲ್ಲಿ ಹೊಸಬರು ಭಾಷೆ ಕಲಿತದ್ದು ಅವರ ಮುರುಕು ಮಾತಿಗೆ ಪಕ್ಕದವರು ಉತ್ತರ ಕೊಟ್ಟದ್ದರಿಂದ. ನಾವಾದರೋ ಎದುರಿನವರು ತಡವರಿಸಿದ ಕೂಡಲೇ ಅವರ ಭಾಷೆಗೆ ಹಾರಿಬಿಡುತ್ತೇವೆ. ಅದು ಸೌಜನ್ಯವೇ ಸರಿ, ಆದರೆ ಅವರು ಕಲಿಯುವ ಅವಕಾಶವನ್ನು ಕಸಿಯುತ್ತದೆ. ಯಾರಾದರೂ ತಪ್ಪುತಪ್ಪಾಗಿ ಕನ್ನಡದಲ್ಲಿ ದಾರಿ ಕೇಳಿದರೆ, ನಗದೆ, ನಿಧಾನವಾಗಿ, ಕನ್ನಡದಲ್ಲೇ ದಾರಿ ಹೇಳಿ.